ರಜೆಗೆ ಏನು ಓದೋಣ? ಓದುಗರ ಪ್ರಶ್ನೆಗಳಿಗೆ ಕಾಸರಗೋಡಿನಿಂದ ಉತ್ತರ

ಡಿಸೆಂಬರ್‌ನ ಪತ್ರಗಳಲ್ಲಿ ಎರಡೇ ವಿಷಯ ಜಾಸ್ತಿ ಇದ್ದವು. ಈ ವರ್ಷ ಏನು ಬರೆದಿರಿ ಅನ್ನುವುದು ಒಂದು, ಕ್ರಿಸ್‌ಮಸ್ ರಜೆಗೆ ಏನು ಓದೋಣ ಅನ್ನುವುದು ಇನ್ನೊಂದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಜನವರಿಗೆ ಇಟ್ಟು, ಈ ಸಲ ಇವಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ಒಂದೇ ತರಹದ ಪತ್ರಗಳನ್ನು ಒಟ್ಟಿಗೆ ಸೇರಿಸಿಕೊಂಡಿದ್ದೇನೆ.

ಪ್ರ: ಈ ವರ್ಷ ನಿಮ್ಮ ಕತೆ ಎಲ್ಲೂ ಕಾಣಲಿಲ್ಲ. ಬರೆಯುವುದನ್ನು ನಿಲ್ಲಿಸಿದಿರಾ? ಹೊಸ ಪುಸ್ತಕದ ಸುದ್ದಿ ಇದೆಯಾ?
(ಓದುಗರು, ಮುಳ್ಳೇರಿಯ)

ನಿಲ್ಲಿಸಿಲ್ಲ. ವರ್ಷವಿಡೀ ಒಂದೇ ಕೆಲಸ ಹಿಡಿದಿದ್ದೆ, ಅದು ಹೊಸ ಕಥಾಸಂಕಲನ. ಕೊನೆಯ ಪ್ರೂಫ್ ಈಗ ಮೇಜಿನ ಮೇಲಿದೆ. ಎಲ್ಲ ಸರಿಯಾಗಿ ನಡೆದರೆ ಜನವರಿ ಕೊನೆಗೆ ಪುಸ್ತಕ ಕೈಗೆ ಬರುತ್ತದೆ.

ಕತೆಗಳೆಲ್ಲ ಚಂದ್ರಗಿರಿ ಹೊಳೆಯ ಆಚೆ ಈಚೆಯ ಮನೆಗಳವು. ಅಜ್ಜಿ ತುಳು, ಅಪ್ಪ ಕನ್ನಡ, ಸೊಸೆ ಮಲಯಾಳ ಮಾತನಾಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ ಅಲ್ವಾ? ಅಂಥ ಒಂದು ಮನೆ ಪಾಲಾಗುವ ಹೊತ್ತಿಗೆ ಹಳೆಯ ದಸ್ತಾವೇಜು ಕನ್ನಡದಲ್ಲಿದೆ, ಅದನ್ನು ಓದಬಲ್ಲವಳು ಅಜ್ಜಿ ಒಬ್ಬಳೇ, ಅವಳ ಮಾತನ್ನು ನಂಬಬೇಕೋ ಬೇಡವೋ ಎಂದು ಮಕ್ಕಳು ಕೂತು ಯೋಚಿಸುತ್ತಾರೆ. ಈ ಕತೆ ನನ್ನನ್ನು ಬಹಳ ಸತಾಯಿಸಿತು. ಮೊದಲು ಮೊಮ್ಮಗನ ಬಾಯಲ್ಲಿ ಹೇಳಿಸಿದ್ದೆ. ಅಜ್ಜಿಯ ಬಾಯಿಗೆ ಬಂದ ಮೇಲೆ ಕತೆ ತಾನಾಗಿ ನಡೆಯಿತು.

ಇನ್ನೊಂದು ಸುದ್ದಿ. ಇದರ ಎರಡು ಕತೆಗಳನ್ನು ಗೆಳತಿಯೊಬ್ಬರು ಮಲಯಾಳಕ್ಕೆ ತಂದಿದ್ದಾರೆ. ನಮ್ಮ ಬೇಲಿಯಾಚೆ ಇರುವ ಮನೆಯವರು ಇಷ್ಟು ವರ್ಷ ನನ್ನನ್ನು 'ಏನೋ ಬರೆಯುತ್ತಾರೆ' ಅಂತ ಮಾತ್ರ ತಿಳಿದವರು. ಅವರು ಮೊದಲ ಸಲ ಕತೆ ಓದಿ ಬಂದು, ಆ ಅಜ್ಜಿ ಕೊನೆಗೆ ಏನು ಮಾಡಿದಳು ಅಂತ ಕೇಳಿದರು. ವರ್ಷದ ಅತಿ ದೊಡ್ಡ ಖುಷಿ ಅದೇ. ಕಾದಂಬರಿಯೂ ಒಂದು ಶುರುವಾಗಿದೆ, ಅದರ ಮಾತು ಇನ್ನೊಮ್ಮೆ.

ಪ್ರ: ಮಕ್ಕಳಿಗೆ ಹತ್ತು ದಿನ ರಜೆ. ಇಬ್ಬರೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತನಾಡುತ್ತಾರೆ, ಆದರೆ ಅಕ್ಷರ ಓದಲು ಬರುವುದಿಲ್ಲ. ಕನ್ನಡ ಪುಸ್ತಕ ಕೊಟ್ಟರೆ ಮುಟ್ಟುವುದೂ ಇಲ್ಲ. ಏನು ಮಾಡಲಿ?
(ತಾಯಿಯೊಬ್ಬರು, ಬದಿಯಡ್ಕ. ಇಂಥದೇ ಪತ್ರ ನೀರ್ಚಾಲು ಮತ್ತು ಪೈವಳಿಕೆಯಿಂದಲೂ ಬಂದಿದೆ)

ಕೊಡಬೇಡಿ. ನೀವೇ ಓದಿ, ಗಟ್ಟಿಯಾಗಿ.

ಇದನ್ನು ನಾನು ತುಂಬ ನಂಬಿಕೆಯಿಂದ ಹೇಳುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕನ್ನಡ ಕಿವಿಯಲ್ಲಿ ಗಟ್ಟಿಯಾಗಿದೆ, ಕಣ್ಣಿನಲ್ಲಿ ಸೋರಿಹೋಗುತ್ತಿದೆ. ಮಕ್ಕಳಿಗೆ ಯಕ್ಷಗಾನದ ಅರ್ಥಗಾರಿಕೆ ತಿಳಿಯುತ್ತದೆ, ಅಜ್ಜನ ಬೈಗುಳ ತಿಳಿಯುತ್ತದೆ, ಆದರೆ ಬಸ್ಸಿನ ಬೋರ್ಡಿನಲ್ಲಿ ಕನ್ನಡ ಇದ್ದರೆ ಅದನ್ನು ಬಿಟ್ಟು ಇಂಗ್ಲಿಷ್ ಓದುತ್ತಾರೆ. ಅಂಥ ಮಗುವಿನ ಕೈಗೆ ಪುಸ್ತಕ ಕೊಟ್ಟರೆ ಅದಕ್ಕೆ ಕಾಣುವುದು ತನಗೆ ಬಾರದ ವಿಷಯ ಮಾತ್ರ. ಅದೇ ಪುಸ್ತಕವನ್ನು ನೀವು ಓದಿದರೆ ಕತೆ ಸೀದಾ ಒಳಗೆ ಹೋಗುತ್ತದೆ, ಯಾಕೆಂದರೆ ಕಿವಿಗೆ ಅದು ಮನೆಯ ಮಾತು.

ಈಗ ಅಡಿಕೆ ಅಂಗಳಕ್ಕೆ ಬರುವ ಕಾಲ. ಒಣಗಲು ಒಂದು ತಿಂಗಳಿಗಿಂತ ಮೇಲೆ ಬೇಕು, ದಿನಾ ಅಂಗಳದಲ್ಲಿ ಹರಡಬೇಕು, ಕಾಲಿನಲ್ಲಿ ಮಗುಚಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚಬೇಕು. ಆ ರಾಶಿ ಮಾಡಿ ಮುಗಿಸಿ ಎಲ್ಲರೂ ಜಗಲಿಗೆ ಬಂದು ಕೂರುವ ಹೊತ್ತು ಇದೆಯಲ್ಲ, ಟಿವಿ ಹಾಕುವ ಮೊದಲಿನ ಅರ್ಧ ಗಂಟೆ, ಓದಲು ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಏನು ಓದುವುದು? ಸಣ್ಣ ಮಕ್ಕಳಾದರೆ ಪಂಜೆ ಮಂಗೇಶರಾಯರಿಂದ ಶುರು ಮಾಡಿ. ಅವರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ನಮ್ಮ ಸೀಮೆಯವರೇ. 'ಗುಡುಗುಡು ಗುಮ್ಮಟ ದೇವರು', 'ಇಲಿಗಳ ತಕ ಥೈ' ಇವುಗಳ ಹೆಸರು ಓದುವಾಗಲೇ ಮಕ್ಕಳ ಕಾಲು ಕುಣಿಯುತ್ತದೆ. ಶಬ್ದದ ಲಯ ಗೊತ್ತಿದ್ದು ಬರೆದವರು ಅವರು.

ಹತ್ತು ವರ್ಷ ದಾಟಿದವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿ. 1980ರ ಕಾದಂಬರಿ, ಇಂದಿಗೂ ಹಳತಾಗಿಲ್ಲ. ಶುರುವಿನಲ್ಲಿ ಜೇನು, ಮಂದಣ್ಣ, ಆಮೇಲೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ದಂಡು. ಮಲೆನಾಡಿನ ಕತೆ ನಮ್ಮ ಮಕ್ಕಳಿಗೆ ಹೇಗೆ ಹತ್ತಿರವಾಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಹಾರುವ ಓತಿ ನಿಮ್ಮ ತೋಟದಲ್ಲೇ ಇದೆ! ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡಿರುತ್ತದೆ, ಬಣ್ಣ ಮರದ್ದೇ, ಹಾಗಾಗಿ ಸುಮ್ನೆ ನೋಡಿದರೆ ಕಾಣುವುದಿಲ್ಲ. ಬಿಸಿಲು ಏರಿದ ಮೇಲೆ ತಲೆ ಎತ್ತಿ ನೋಡುತ್ತಾ ನಿಲ್ಲಿ. ಗಂಡು ಓತಿ ಗಂಟಲಿನ ಹಳದಿ ಚರ್ಮವನ್ನು ಹೊರಗೆ ಚಾಚಿ ಮತ್ತೆ ಮಡಚುತ್ತದೆ, ಆ ಹಳದಿ ಮಿಂಚಿದಾಗಲೇ ಜಾಗ ಗೊತ್ತಾಗುವುದು. ಮರದ ಮೇಲಿನ ಇರುವೆಗಳನ್ನು ತಿಂದುಕೊಂಡು ಮೇಲೆ ಮೇಲೆ ಹತ್ತುತ್ತದೆ, ಆಮೇಲೆ ಪಕ್ಕೆಲುಬು ಅಗಲಿಸಿ ಚರ್ಮ ಬಿಚ್ಚಿಕೊಂಡು ಇನ್ನೊಂದು ಮರದ ಬುಡದ ಕಡೆಗೆ ತೇಲಿ ಇಳಿಯುತ್ತದೆ. ಒಂದು ಅಧ್ಯಾಯ ಓದಿ, ಮಾರನೇ ದಿನ ತೋಟಕ್ಕೆ ಕರೆದುಕೊಂಡು ಹೋಗಿ, ಸಂಜೆ ಮತ್ತೆ ಓದಿ. ಇನ್ನೊಂದು ಪುಟ ಓದಿ ಅಂತ ಅವರೇ ಕಾಡುತ್ತಾರೆ.

ಅಕ್ಷರದ ವಿಷಯ ಆಮೇಲೆ ಬರಲಿ. ಓದುವಾಗ ಮಗು ಪಕ್ಕದಲ್ಲಿ ಕೂತಿರಲಿ, ಎದುರಿಗೆ ಬೇಡ. ನಿಮ್ಮ ಬೆರಳು ಸಾಲಿನ ಕೆಳಗೆ ಸರಿಯುತ್ತಿರಲಿ. ಮಂದಣ್ಣನ ಹೆಸರು ಬಂದಲ್ಲೆಲ್ಲ ನಿಂತುಬಿಡಿ, ಅದನ್ನು ಮಗು ಹೇಳಲಿ. ಹೆಸರಿನಿಂದ ಶುರುವಾಗಿ ನಾಲ್ಕು ಶಬ್ದ, ಹತ್ತು ಶಬ್ದ ಅಂತ ತಾನಾಗಿ ಬೆಳೆಯುತ್ತದೆ. ಪರೀಕ್ಷೆ ಮಾತ್ರ ಮಾಡಬೇಡಿ. ಇದು ಏನು ಅಕ್ಷರ ಹೇಳು ನೋಡೋಣ ಅಂದ ಕೂಡಲೇ ಅದು ಶಾಲೆಯಾಗುತ್ತದೆ, ಮಗು ಎದ್ದು ಹೋಗುತ್ತದೆ. ಇನ್ನೊಂದು ಮಾತು, ಕತೆ ಜೋರಾಗಿರುವ ಕಡೆ ಪುಸ್ತಕ ಮುಚ್ಚಿ ಒಳಗೆ ಹೋಗಿ. ಪುಸ್ತಕ ಜಗಲಿಯಲ್ಲೇ ಇರಲಿ.

ಪ್ರ: ಈ ಸಲದ ಕ್ರಿಸ್‌ಮಸ್‌ಗೆ ಕನ್ನಡದಲ್ಲೇ ಏನಾದರೂ ಓದಬೇಕು ಅಂತ ಆಸೆ. ನಮ್ಮ ಮನೆಮಾತು ಕೊಂಕಣಿ, ಶಾಲೆ ಕಲಿತದ್ದು ಕನ್ನಡದಲ್ಲಿ.
(ಓದುಗರು, ಬೇಳ)

ಬೇಳದಿಂದ ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ. ನಿಮ್ಮ ಇಗರ್ಜಿಯ ಗೋದಲಿ ನೋಡಲು ನಾವು ಚಿಕ್ಕಂದಿನಲ್ಲಿ ಬರುತ್ತಿದ್ದೆವು, ಮನೆಗೆ ಹೋಗುವಾಗ ಕೈತುಂಬ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ. ನೆವ್ರಿ ಮತ್ತು ಕಿಡಿಯೊ ನನಗೆ ಈಗಲೂ ಇಷ್ಟ.

ಮಂಜೇಶ್ವರ ಗೋವಿಂದ ಪೈಗಳ 'ಗೊಲ್ಗೊಥಾ' ಓದಿ. ಯೇಸುವಿನ ಕೊನೆಯ ದಿನದ ಕಾವ್ಯ. ಅದು ಶುಭ ಶುಕ್ರವಾರದ ಓದು, ಹುಟ್ಟುಹಬ್ಬಕ್ಕೆ ಯಾಕೆ ಅಂತ ಕೇಳಬಹುದು. ನನಗೆ ಅದು ಡಿಸೆಂಬರ್‌ನಲ್ಲೇ ಹೆಚ್ಚು ತಟ್ಟಿದೆ. ಸುತ್ತ ನಕ್ಷತ್ರದ ದೀಪ, ಹಾಡು ಎಲ್ಲ ಇರುವಾಗ ಆ ಬದುಕು ಎಲ್ಲಿಗೆ ಮುಟ್ಟಿತು ಅನ್ನುವುದನ್ನು ಓದಿದರೆ ಹುಟ್ಟಿನ ಹಬ್ಬಕ್ಕೂ ಒಂದು ತೂಕ ಬರುತ್ತದೆ. 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿ ಎಂದು ಗೌರವ ಪಡೆದವರು ಪೈಗಳು. ಮಂಜೇಶ್ವರದ ಮನೆಯಲ್ಲಿ ಕೂತು ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿ ಬರೆದರು, ಯೇಸುವಿನದನ್ನು ಇದರಲ್ಲಿ ಬರೆದರು. ಎರಡನ್ನೂ ತಮ್ಮ ಮನೆಯವರ ಸಾವನ್ನು ಹೇಳುವಷ್ಟು ಆಪ್ತವಾಗಿ ಬರೆದಿದ್ದಾರೆ. ಭಾಷೆ ಬಿಗಿ, ಒಪ್ಪುತ್ತೇನೆ. ಒಂದು ಸಲಕ್ಕೆ ಒಂದೇ ಪುಟ ಓದಿ, ಬಾಯಿಬಿಟ್ಟು ಓದಿ. ಕಣ್ಣಿಗೆ ಕಗ್ಗಂಟಾಗಿ ಕಾಣುವ ಸಾಲು ನಾಲಿಗೆಗೆ ಬಂದಾಗ ಬಿಡಿಸಿಕೊಳ್ಳುತ್ತದೆ. ರಜೆಯಲ್ಲಿ ಮಂಜೇಶ್ವರಕ್ಕೆ ಹೋಗಿ ಅವರ ಮನೆಯನ್ನೂ ನೋಡಿ ಬನ್ನಿ, ಈಗ ಅದು 'ಗಿಳಿವಿಂಡು' ಹೆಸರಿನ ಸ್ಮಾರಕ.

ಕಾವ್ಯ ಬೇಡ, ಕತೆ ಬೇಕು ಅಂದರೆ ನಾ. ಡಿಸೋಜರ 'ದ್ವೀಪ'. 2025ರ ಜನವರಿ 5ರಂದು ಅವರು ಹೋದರು. ಸಾಗರದವರು, ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿದ್ದು ಮುಳುಗಡೆಯ ಜನರನ್ನು ಕಣ್ಣಾರೆ ಕಂಡವರು. ಅಣೆಕಟ್ಟಿನ ನೀರು ಸುತ್ತ ಏರುತ್ತಿದೆ, ಊರವರು ಒಬ್ಬೊಬ್ಬರೇ ಹೋಗಿದ್ದಾರೆ, ಗಣಪಯ್ಯ ಮತ್ತು ನಾಗವೇಣಿ ಇನ್ನೂ ಅಲ್ಲೇ ಇದ್ದಾರೆ. ಒಂದು ಮಧ್ಯಾಹ್ನಕ್ಕೆ ಓದಿ ಮುಗಿಯುವ ಪುಸ್ತಕ, ಮನಸ್ಸಿನಲ್ಲಿ ಮುಗಿಯಲು ಮಾತ್ರ ಬಹಳ ಕಾಲ ಬೇಕು.

ಪ್ರ: ಬಾನು ಮುಷ್ತಾಕ್ ಅವರಿಗೆ ಬುಕರ್ ಬಂದದ್ದು ನಿಮಗೆ ಹೇಗನ್ನಿಸಿತು? ಅವರನ್ನು ಓದಿದ ಮೇಲೆ ಇನ್ನು ಯಾರನ್ನು ಓದಲಿ?
(ವಿದ್ಯಾರ್ಥಿನಿ, ಕುಂಬಳೆ)

2025ರ ಮೇ ತಿಂಗಳಲ್ಲಿ ಸುದ್ದಿ ಬಂದ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಸಂಭ್ರಮ. ಅಂತರರಾಷ್ಟ್ರೀಯ ಬುಕರ್ ಕನ್ನಡಕ್ಕೆ ಬಂದದ್ದು ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೆ ಬಂದದ್ದೂ ಮೊದಲ ಸಲ. ಸಣ್ಣಕತೆ ಬರೆಯುವ ನಮ್ಮಂಥವರಿಗೆ ಆ ಎರಡನೆಯದು ಚಿಕ್ಕ ಮಾತಲ್ಲ. ಕತೆ ಯಾರು ಕೊಳ್ಳುತ್ತಾರೆ, ಕಾದಂಬರಿ ಕೊಡಿ ಅನ್ನುವ ಮಾತು ನಾನು ತುಂಬ ಕೇಳಿದ್ದೇನೆ. ದೀಪಾ ಭಾಸ್ತಿಯವರ ಅನುವಾದಕ್ಕೂ ಅಷ್ಟೇ ಗೌರವ ಸಿಕ್ಕಿದ್ದು ನನಗೆ ಇನ್ನೂ ಇಷ್ಟವಾಯಿತು.

ನೀನು ಕನ್ನಡದಲ್ಲೇ ಓದು. ಇಂಗ್ಲಿಷ್ ಆಮೇಲೆ.

ಮುಂದಿನ ಓದು ನಿನ್ನ ಊರಿನಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರದಲ್ಲಿದೆ. ಸಾರಾ ಅಬೂಬಕ್ಕರ್ ಹುಟ್ಟಿದ್ದು ಕಾಸರಗೋಡಿನಲ್ಲಿ, 1936ರಲ್ಲಿ. ಮನೆಮಾತು ಮಲಯಾಳ, ಬರೆದದ್ದು ಕನ್ನಡದಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾಳ ಬದುಕನ್ನು ಅಪ್ಪ, ಗಂಡ, ಊರಿನ ಹಿರಿಯರು ಸೇರಿ ಹೇಗೆ ತಮ್ಮ ಮಾತಿನ ಹಟಕ್ಕೆ ಬಲಿ ಕೊಡುತ್ತಾರೆ ಅನ್ನುವುದು ಕತೆ, ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ತುಂಬ ಸರಳ ಕನ್ನಡ. ಅಲಂಕಾರ ಇಲ್ಲ, ವಾದ ಇಲ್ಲ, ಅಡುಗೆಮನೆಯಲ್ಲಿ ಹೆಂಗಸರು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವ ಹಾಗೆ ಕತೆ ನಡೆಯುತ್ತದೆ. ಇದನ್ನು ಬರೆದದ್ದಕ್ಕೆ ಅವರು ಎಷ್ಟು ಎದುರಿಸಬೇಕಾಯಿತು ಅನ್ನುವುದು ನಿನ್ನ ವಯಸ್ಸಿನವರಿಗೆ ತಿಳಿದಿರಬೇಕು. ಬಾನು ಅವರನ್ನು ಓದಿ ಸಾರಾ ಅವರನ್ನು ಓದಿದರೆ, ಹಾಸನದಲ್ಲಿ ಒಬ್ಬರು, ಇಲ್ಲಿ ಒಬ್ಬರು, ಒಂದೇ ದಾರಿಯನ್ನು ಎರಡು ಕಡೆಯಿಂದ ಕಡಿದವರು ಅಂತ ಗೊತ್ತಾಗುತ್ತದೆ. ಓದಿದ ಮೇಲೆ ನನಗೆ ಬರಿ.

ಪ್ರ: ಮೊಬೈಲಿನಲ್ಲಿ ಓದಿದರೆ ಓದಿದ ಹಾಗಾ?
(ಓದುಗರು, ಹೊಸಂಗಡಿ)

ಹೌದು. ಓದಿ. ಅಮ್ಮನಿಗೆ ಕಣ್ಣು ಮಂಜಾದ ಮೇಲೆ ನಮ್ಮ ಮನೆಯಲ್ಲಿ ಅಕ್ಷರ ದೊಡ್ಡದು ಮಾಡಿ ಮೊಬೈಲಿನಲ್ಲೇ ಓದುತ್ತಾರೆ.

ಪ್ರ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ವರ್ಷದ ಕೊನೆಗೆ ಊರಿಗೆ ಬರುತ್ತೇನೆ. ಮಂಗಳೂರಿನವರೆಗಿನ ದಾರಿಗೆ ಒಂದು ಪುಸ್ತಕ, ಒಂದೇ ಒಂದು, ಹೇಳಿ.
(ಎಣ್ಮಕಜೆಯವರು, ಈಗ ಬೆಂಗಳೂರು)

ಶಿವರಾಮ ಕಾರಂತರ 'ಬೆಟ್ಟದ ಜೀವ'. ಸಾಧ್ಯವಾದರೆ ಹಗಲು ರೈಲಿನಲ್ಲಿ ಬನ್ನಿ. ಸಕಲೇಶಪುರ ದಾಟಿ ಗಾಡಿ ಘಾಟಿ ಇಳಿಯುವಾಗ ಕಿಟಕಿಯ ಹೊರಗೆ ಕಾಣುವುದು ಆ ಪುಸ್ತಕದ ಬೆಟ್ಟಗಳೇ. ದಾರಿ ತಪ್ಪಿದ ಪ್ರಯಾಣಿಕನೊಬ್ಬನನ್ನು ದೇರಣ್ಣ ಮತ್ತು ಬಟ್ಯ ಗೋಪಾಲಯ್ಯನ ಮನೆಗೆ ತಂದು ಬಿಡುತ್ತಾರೆ. ಗೋಪಾಲಯ್ಯ, ಶಂಕರಮ್ಮ ಇಬ್ಬರೇ ಮುದುಕರು. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಬಂದವನನ್ನು ಅವರು ಬಿಟ್ಟುಕೊಡುವುದಿಲ್ಲ, ಇವತ್ತು ಇರಿ, ನಾಳೆ ಹೋದರಾಯಿತು ಅನ್ನುತ್ತಲೇ ಇರುತ್ತಾರೆ. ಕಾಡು ಕಡಿದು ತೋಟ ಮಾಡಿದ ಕತೆ, ಹುಲಿಯ ಕತೆ, ನಗು, ಉಪಚಾರ, ಎಲ್ಲದರ ಕೆಳಗೆ ಮಗನ ನೆನಪು.

ಊರು ಬಿಟ್ಟು ಹೋದವರು ಈ ಪುಸ್ತಕವನ್ನು ಒಂದು ತರಹ ಓದುತ್ತಾರೆ, ಊರಿನಲ್ಲೇ ಉಳಿದವರು ಇನ್ನೊಂದು ತರಹ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಈಗ ಇಬ್ಬರು ಮುದುಕರು ಮಾತ್ರ ಇದ್ದಾರೆ, ನಿಮಗೆ ಗೊತ್ತೇ ಇದೆ. ಊರು ತಲುಪಿದ ಮೇಲೆ ಪುಸ್ತಕವನ್ನು ಅಪ್ಪನಿಗೋ ಅಮ್ಮನಿಗೋ ಕೊಟ್ಟು ಹೋಗಿ.

ಪ್ರ: ಮನೆಯಲ್ಲಿ ಮಕ್ಕಳು ಮಲಯಾಳ ಪುಸ್ತಕ ಓದುತ್ತಾರೆ. ಹೀಗಾದರೆ ಕನ್ನಡ ಹೋಗುತ್ತದೆ ಅಂತ ನನಗೆ ಹೆದರಿಕೆ. ತಡೆಯಬೇಕಾ?
(ತಂದೆಯೊಬ್ಬರು, ಕಾರಡ್ಕ)

ತಡೆಯಬೇಡಿ. ಓದುವ ಮಗು ಒಂದು ಭಾಷೆಯಲ್ಲಿ ಓದುತ್ತಿದ್ದರೆ ಇನ್ನೊಂದಕ್ಕೂ ಬಾಗಿಲು ತೆರೆದಿರುತ್ತದೆ. ನಾನು ಹೆದರುವುದು ಯಾವ ಭಾಷೆಯಲ್ಲೂ ಓದದ ಮಕ್ಕಳ ಬಗ್ಗೆ. ಶಾಲೆಗಳಲ್ಲಿ ಕನ್ನಡಕ್ಕೆ ಸಿಗಬೇಕಾದದ್ದು ಸಿಗಬೇಕು, ಅದಕ್ಕಾಗಿ ನಾವು ಗಟ್ಟಿಯಾಗಿ ಕೇಳುತ್ತಲೇ ಇರಬೇಕು, ಅದು ಬೇರೆ ವಿಷಯ. ಅದಕ್ಕೂ ಮಗುವಿನ ಕೈಯಲ್ಲಿರುವ ಬಷೀರರ ಪುಸ್ತಕಕ್ಕೂ ಜಗಳ ಹಚ್ಚಬಾರದು.

ವೈಕಂ ಮುಹಮ್ಮದ್ ಬಷೀರರ 'ಪಾತುಮ್ಮಳ ಆಡು' ಕನ್ನಡದಲ್ಲೂ ಬಂದಿದೆ. ತಂಗಿಯ ಆಡು ಮನೆಯೊಳಗೆ ನುಗ್ಗಿ ಕಂಡದ್ದನ್ನೆಲ್ಲ ತಿನ್ನುತ್ತದೆ, ಕೊನೆಗೆ ಲೇಖಕನ ಪುಸ್ತಕಗಳನ್ನೇ ತಿಂದುಹಾಕುತ್ತದೆ. ಮಕ್ಕಳು ಮಲಯಾಳದಲ್ಲಿ ಓದಲಿ, ನೀವು ಕನ್ನಡದಲ್ಲಿ ಓದಿ, ಊಟಕ್ಕೆ ಕೂತಾಗ ಇಬ್ಬರೂ ಅದೇ ಆಡಿನ ಸುದ್ದಿ ಮಾತನಾಡಿ. ಆ ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ ಅಲ್ವಾ? ನನಗೆ ಬೇಕಾದದ್ದು ಅದೇ.

ಪ್ರ: ನೀವು ಹೇಳುವ ಪುಸ್ತಕ ನಮಗೆ ಸಿಗುವುದೇ ಇಲ್ಲ. ತರಿಸಿದರೆ ಅಂಚೆ ಖರ್ಚು ಪುಸ್ತಕದ ಬೆಲೆಯ ಹತ್ತಿರ ಬರುತ್ತದೆ.
(ಓದುಗರು, ಉಪ್ಪಳ. ಕುಂಜತ್ತೂರಿನಿಂದಲೂ)

ನಿಮ್ಮ ಕಷ್ಟ ನಿಜ. ಪುಸ್ತಕಗಳಿಗೆ ಅಂಚೆಯಲ್ಲಿದ್ದ ಕಡಿಮೆ ದರದ ನೋಂದಾಯಿತ ಸೌಲಭ್ಯ 2024ರ ಡಿಸೆಂಬರ್‌ನಲ್ಲಿ ನಿಂತ ಮೇಲೆ ಒಂದೊಂದೇ ಪುಸ್ತಕ ತರಿಸುವುದು ಭಾರವಾಗಿದೆ. ಗಡಿಯಲ್ಲಿರುವ ಓದುಗರಿಗೆ, ಸಣ್ಣ ಪ್ರಕಾಶಕರಿಗೆ ಆ ಸೌಲಭ್ಯ ಎಷ್ಟು ಮುಖ್ಯವಾಗಿತ್ತು ಅಂತ ಹೇಳಿ ತೀರದು. ಅದು ಮತ್ತೆ ಬರಬೇಕು.

ಅಲ್ಲಿಯವರೆಗೆ ಎರಡು ದಾರಿ ಇವೆ. ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ತರಿಸಿ, ಓದಿ ಬದಲಾಯಿಸಿಕೊಳ್ಳಿ. ಇನ್ನೊಂದು ದಾರಿ ಇದಕ್ಕಿಂತ ಒಳ್ಳೆಯದು, ಆದರೆ ನಮ್ಮವರು ಅದನ್ನು ಹೆಚ್ಚು ಬಳಸುವುದಿಲ್ಲ. ಅದು ಊರಿನ ಗ್ರಂಥಾಲಯ. ಕೇರಳದಲ್ಲಿ ಗ್ರಂಥಾಲಯ ಅಂದರೆ ಸರ್ಕಾರದ ಒಂದು ಕಟ್ಟಡ ಅಷ್ಟೇ ಅಲ್ಲ, ಊರವರು ಕಟ್ಟಿ ಊರವರೇ ನಡೆಸುವ ಸಂಸ್ಥೆ. ಪಿ. ಎನ್. ಪಣಿಕ್ಕರ್ 1945ರಲ್ಲಿ ಆಗಿನ ತಿರುವಾಂಕೂರಿನ ಗ್ರಂಥಾಲಯಗಳನ್ನು ಒಂದು ಸಂಘದ ಕೆಳಗೆ ತಂದರು. ನಮ್ಮ ಮಕ್ಕಳು ಪ್ರತಿ ಜೂನ್ 19ರಂದು ಶಾಲೆಯಲ್ಲಿ ಓದಿನ ದಿನ ಆಚರಿಸುತ್ತಾರಲ್ಲ, ಅದು ಅವರು ತೀರಿಕೊಂಡ ದಿನ. ಗ್ರಂಥಾಲಯ ಕೌನ್ಸಿಲ್‌ಗೆ ಸೇರಿದ ಊರಿನ ಗ್ರಂಥಾಲಯಗಳಿಗೆ ವರ್ಷಕ್ಕೊಮ್ಮೆ ಗ್ರಾಂಟ್ ಬರುತ್ತದೆ, ಅದರಲ್ಲಿ ಪುಸ್ತಕ ಕೊಳ್ಳುತ್ತಾರೆ. ಯಾವ ಪುಸ್ತಕ ಅಂತ ತೀರ್ಮಾನಿಸುವುದು ಊರಿನ ಸಮಿತಿ. ಸದಸ್ಯರು ಕೇಳಿದರೆ ಕನ್ನಡ ಪುಸ್ತಕ ಬರುತ್ತದೆ, ಕೇಳದಿದ್ದರೆ ಬರುವುದಿಲ್ಲ, ಅಷ್ಟು ಸರಳ.

ಆದ್ದರಿಂದ ಸದಸ್ಯರಾಗಿ. ಬೇಕಾದ ಪುಸ್ತಕಗಳ ಹೆಸರು, ಲೇಖಕ, ಪ್ರಕಾಶಕ ಎಲ್ಲ ಒಂದು ಹಾಳೆಯಲ್ಲಿ ಬರೆದು ಕಾರ್ಯದರ್ಶಿಯ ಕೈಗೆ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಪುಸ್ತಕ ಬಂದ ಮೇಲೆ ಎರವಲು ತೆಗೆದುಕೊಂಡು ಹೋಗಿ ಓದಿ, ರಿಜಿಸ್ಟರಿನಲ್ಲಿ ಅದು ದಾಖಲಾಗಲಿ. ಕಪಾಟಿನಲ್ಲಿ ಧೂಳು ಹಿಡಿದ ಕನ್ನಡ ಪುಸ್ತಕ ತೋರಿಸಿದರೆ ಮುಂದಿನ ವರ್ಷ ಯಾವ ಸಮಿತಿಯೂ ಕನ್ನಡಕ್ಕೆ ಹಣ ಇಡುವುದಿಲ್ಲ.

ಪ್ರ: ನೀವು ಸ್ವತಃ ಈ ರಜೆಯಲ್ಲಿ ಏನು ಓದುತ್ತೀರಿ?
(ಓದುಗರು, ಪೆರ್ಲ)

ಹೊಸದು ಒಂದೂ ಇಲ್ಲ. ಡಿಸೆಂಬರ್‌ನಲ್ಲಿ ನಾನು ಹಿಂದೆ ಓದಿದ್ದನ್ನೇ ಓದುತ್ತೇನೆ.

ಕೆ. ವಿ. ತಿರುಮಲೇಶರ 'ಅಕ್ಷಯ ಕಾವ್ಯ' ತೆಗೆದಿಟ್ಟಿದ್ದೇನೆ. ಕಾರಡ್ಕದಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಭಾಷಾಶಾಸ್ತ್ರ ಕಲಿಸುತ್ತಾ ಬದುಕಿದವರು, 2015ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2023ರ ಜನವರಿಯಲ್ಲಿ, ಸಾರಾ ಅಬೂಬಕ್ಕರ್ ಹೋದ ಅದೇ ತಿಂಗಳು, ತಿರುಮಲೇಶರೂ ಹೋದರು. ಆ ತಿಂಗಳು ನಮ್ಮ ಜಿಲ್ಲೆಗೆ ಆದ ನಷ್ಟ ಇನ್ನೂ ತುಂಬಿಲ್ಲ. ಈ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಾಗಿಲ್ಲ. ಎಲ್ಲಿ ಬೇಕಾದರೂ ತೆರೆಯಿರಿ, ಎಲ್ಲಿಂದಲೋ ಎಲ್ಲಿಗೋ ಹೋಗುತ್ತದೆ, ಲೋಕವೆಲ್ಲ ಸುತ್ತಿದವರ ಮನಸ್ಸು ಅದು.

ಅದರ ಜೊತೆಗೆ ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕತೆ 'ದುಡಿತವೇ ನನ್ನ ದೇವರು'. ನೂರು ವರ್ಷ ತುಂಬಿ, 2015ರ ಆಗಸ್ಟ್‌ನಲ್ಲಿ ತೀರಿಕೊಂಡವರು. ಮೇಷ್ಟ್ರು, ಕವಿ, ಕೃಷಿಕ, ಕಾಸರಗೋಡು ಕನ್ನಡದ್ದು ಅಂತ ಕೊನೆಯವರೆಗೂ ಹೇಳಿದವರು. ಇದನ್ನು ನಾನು ಒಬ್ಬಳೇ ಓದುವುದಿಲ್ಲ, ಅಮ್ಮನಿಗೆ ಓದಿ ಹೇಳುತ್ತೇನೆ, ಅವರಿಗೆ ಆ ಕಾಲದ ಬದಿಯಡ್ಕ ಪೇಟೆ ಗೊತ್ತು, ನಡುವೆ ತಡೆದು ತಡೆದು ತಮ್ಮ ನೆನಪು ಸೇರಿಸುತ್ತಾರೆ, ಹಾಗಾಗಿ ಒಂದು ಪುಟಕ್ಕೆ ಒಂದು ಸಂಜೆ ಹೋದರೂ ಹೋಯಿತು.

ನೀವು ಮನೆಯಲ್ಲಿ ಯಾರಿಗೆ ಏನು ಓದಿ ಹೇಳಿದಿರಿ, ಅವರು ಎಲ್ಲಿ ತಡೆದರು, ಎಲ್ಲಿ ನಕ್ಕರು ಅಂತ ಬರೆದು ಕಳುಹಿಸಿ. ಫೆಬ್ರವರಿಯ ಅಂಕಣವನ್ನು ಆ ಪತ್ರಗಳಿಗೇ ಬಿಟ್ಟುಕೊಡುತ್ತೇನೆ.